ಹೂಂಗುಟ್ಟುವವಳು

ಹಸಿರು ದೀಪ ಉರಿಯುತ್ತಿದೆಯೇ ಎಂದು ನೋಡಲು ಅವಳು ಹಲ್ಲುಜ್ಜುವುದನ್ನು ನಿಲ್ಲಿಸಿ ಬಚ್ಚಲಿನಿಂದ ಮತ್ತೊಮ್ಮೆ ಇಣುಕಿದಳು. ಉರಿಯುತ್ತಿತ್ತು. ಬಾಯಿತುಂಬ ನೊರೆಯಿಟ್ಟುಕೊಂಡು ಬಾಗಿಲ ಚೌಕಟ್ಟಿಗೆ ಅಂಟಿ ನಿಂತ ತನ್ನನ್ನು ಎದುರಿನ ಕನ್ನಡಿಯಲ್ಲಿ ಕಂಡು, ಪರದೇಶಕ್ಕೆ ಬಂದೂ ಕಳ್ಳಿಯ ಹಾಗೆ ಇಣುಕುತ್ತಿದ್ದೇನಲ್ಲ ಎಂದುಕೊಂಡಳು. ಈ ಹೊಟೆಲಿನ ಸಾಕೆಟ್ಟಿಗೆ ಚಪ್ಪಟೆ ಸೀಳುಗಳು. ಮನೆಯಿಂದ ತಂದ ಪ್ಲಗ್ಗಿಗೆ ದುಂಡು ಕಾಲುಗಳು. ಇಬ್ಬರ ನಡುವೆ ರಾಜಿ ಮಾಡಿಸಲೆಂದು ವಿಮಾನ ನಿಲ್ದಾಣದಲ್ಲಿ ಕೊಂಡ ಬಿಳಿಯ ಅಡಾಪ್ಟರ್ ಅಲುಗಾಡುವ ಹಾಲುಹಲ್ಲಿನಂತೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ವಾಲಿದರೆ ಚಾರ್ಜರಿನ ದೀಪ ಆರುತ್ತಿತ್ತು. ಅದಕ್ಕೇ ಕುರ್ಚಿಯನ್ನು ಗೋಡೆಗೆ ದೂಡಿ, ಕುರ್ಚಿಯ ಬೆನ್ನಿಗೂ ಅಡಾಪ್ಟರಿಗೂ ನಡುವೆ ತನ್ನ ಎಡಗಾಲಿನ ಚಪ್ಪಲಿಯನ್ನು ಸಿಕ್ಕಿಸಿದ್ದಳು. ಹಿಮ್ಮಡಿ ಸವೆದು ತೆಳ್ಳಗಾಗಿದ್ದರಿಂದ ಅದು ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಅವಳ ಚಪ್ಪಲಿಗಳಲ್ಲಿ ಯಾವಾಗಲೂ ಎಡಗಾಲಿನದೇ ಮೊದಲು ಸವೆಯುವುದು. ಕಾಲೆತ್ತಿ ನಡಿಯೇ, ನೆಲ ಗುಡಿಸೋಕೆ ಪೊರಕೆ ಇದೆ ಮನೇಲಿ ಎಂದು ಅಮ್ಮ ಬೈದು ಬೈದು ಸಾಕಾಗಿ ಬಿಟ್ಟಿದ್ದಳು.

ಮೇಜಿನ ಮೇಲೆ ಅಕ್ಕನ ಲ್ಯಾಪ್‌ಟಾಪ್ ಅರೆಬಾಯಿ ತೆರೆದು ಮಲಗಿತ್ತು. ಪೂರ್ತಿ ಮುಚ್ಚಿದರೆ ಮತ್ತೆ ಎದ್ದೀತೆಂಬ ಭರವಸೆಯಿಲ್ಲ ಎಂದು ರಿಪೇರಿ ಅಂಗಡಿಯವನು ಹೇಳಿದ್ದರಿಂದ, ಮುಚ್ಚಳಕ್ಕೂ ಕೀಲಿಮಣೆಗೂ ನಡುವೆ ಅಕ್ಕನದೇ ಒಂದು ಜೊತೆ ಉಣ್ಣೆಯ ಕಾಲುಚೀಲವನ್ನು ಸುರುಳಿ ಸುತ್ತಿ ಇಟ್ಟಿತ್ತು. ಊರು ಬಿಡುವಾಗ ನಿಲ್ದಾಣದ ತಪಾಸಣೆಯಲ್ಲಿ ಕೈಗವಸು ತೊಟ್ಟ ಹೆಂಗಸು ಆ ಕಾಲುಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸತ್ತ ಇಲಿಯನ್ನು ತೋರಿಸುವ ಹಾಗೆ ಸಾಲಿಗೆಲ್ಲ ತೋರಿಸಿ, "ಏನಮ್ಮ ಇದು, ಇದಕ್ಕೂ ಚಳಿಯಾ?" ಎಂದಿದ್ದಳು. ಹಿಂದಿದ್ದವರು ನಕ್ಕರು. ಅವಳೂ ನಕ್ಕಳು, ಅವಮಾನವಾದಾಗ ಮೊದಲು ನಗುವುದು ಅವಳೇ. "ಮುಚ್ಚಿ ತಟ್ಟೆಗೆ ಹಾಕಿ" ಎಂದು ಹೆಂಗಸು ಹೇಳಿದಾಗ, "ಮುಚ್ಚಬಾರದು ಮೇಡಂ, ದಯವಿಟ್ಟು, ಅದು ಕೆಲಸದಲ್ಲಿದೆ" ಎಂದು ಬೇಡಿಕೊಂಡಳು. ಕೆಲಸದಲ್ಲಿದೆ. ಬಾಯಿಂದ ಬಿದ್ದ ಮೇಲೆ ಅದೆಷ್ಟು ಸರಿಯಾದ ಮಾತು ಅನ್ನಿಸಿತು. ಅರೆತೆರೆದ ಲ್ಯಾಪ್‌ಟಾಪ್ ರಬ್ಬರು ಪರದೆಗಳ ಕತ್ತಲೆಯೊಳಗೆ ಹೋಗಿ ಆಚೆ ಕಡೆ ಬೆಳಕಾಗಿಯೇ ಹೊರಬರುವ ತನಕ ಅವಳು ಉಸಿರು ಬಿಟ್ಟಿರಲಿಲ್ಲ.

ಬಾಯಿ ಮುಕ್ಕಳಿಸಿ ಬಂದು ಕುಳಿತಳು. ಪರದೆ ಮಸುಕಾಗುತ್ತಿತ್ತು, ಬೆರಳ ತುದಿಯಿಂದ ಸವರಿದಳು, ಬೆಳಕಾಯಿತು. ಅಜ್ಜಿ ಕತೆ ಹೇಳುವಾಗ ಹೂಂಗುಟ್ಟುತ್ತಿರಬೇಕಿತ್ತು. ರಾಜಕುಮಾರ ಕಾಡಿಗೆ ಹೋದ, ಹೂಂ. ಅಲ್ಲೊಂದು ಮರ ಇತ್ತು, ಹೂಂ. ಹೂಂಗುಟ್ಟುವುದು ನಿಂತರೆ ಅಜ್ಜಿ ಎಲ್ಲಿದ್ದಳೋ ಅಲ್ಲಿಗೇ ಕತೆಯನ್ನು ಬಿಟ್ಟು ಮಗ್ಗುಲು ಬದಲಾಯಿಸುತ್ತಿದ್ದಳು. ಬೆಳಗ್ಗೆ ಎದ್ದು ಮುಂದೇನಾಯ್ತು ಎಂದರೆ, "ನೀನು ಬಿಟ್ಟು ಮಲಗಿದೆಯಲ್ಲ, ಅವನು ಇನ್ನೂ ಆ ಮರದ ಕೆಳಗೇ ನಿಂತಿದಾನೆ ಪಾಪ" ಎನ್ನುತ್ತಿದ್ದಳು. ಅಕ್ಕ ಬೇಗ ನಿದ್ದೆ ಹೋಗುವವಳು. ಇವಳೇ ಕಣ್ಣು ಎಳೆದೆಳೆದು, ರಾಜಕುಮಾರ ಮರದ ಕೆಳಗೆ ಒಬ್ಬನೇ ನಿಲ್ಲಬಾರದೆಂದು ಇಬ್ಬರ ಪಾಲಿನ ಹೂಂ ಹಾಕುತ್ತಿದ್ದಳು. ಈಗಲೂ ಅದೇ ಕೆಲಸ. ಮಸುಕಾದಾಗ ಒಮ್ಮೆ ಸವರುವುದು, ಹೂಂ.

ಪರದೆಯ ನಟ್ಟನಡುವೆ ಆ ಚೌಕ. ಅಕ್ಕ ಹೋದಾಗಿನಿಂದ ಅಲ್ಲೇ ಇದೆ. *ಹಳೆಯದರ ಜಾಗದಲ್ಲಿ ಹೊಸದನ್ನು ಉಳಿಸಲೇ?* ಕೆಳಗೆ ಎರಡು ಗುಂಡಿ: ಹೌದು, ಬೇಡ. ಬೇರೆ ಏನನ್ನು ಮುಟ್ಟಿದರೂ ಟಣ್ ಎಂದು ಗದರಿ ಮತ್ತೆ ಆ ಪ್ರಶ್ನೆಗೇ ತಂದು ನಿಲ್ಲಿಸುತ್ತದೆ. ರಿಪೇರಿ ಅಂಗಡಿಯವನು ಮನೆಗೇ ಬಂದು ನೋಡಿ ಕೈಚೆಲ್ಲಿದ್ದ. "ಇದು ಹಟ ಹಿಡ್ಕೊಂಡು ಕೂತಿದೆ ಮೇಡಂ. ಹೌದು ಅಂದ್ರೆ ಹಳೇದು ಹೋಗುತ್ತೆ. ಬೇಡ ಅಂದ್ರೆ ಹೊಸದು ಹೋಗುತ್ತೆ. ಕರೆಂಟ್ ಹೋದ್ರೆ ಬೇಡ ಅಂದ ಹಾಗೇನೇ. ಬ್ಯಾಟರಿ ಬೇರೆ ಮುದುಕ ಆಗಿದೆ, ತಂತಿ ಬಿಟ್ಟು ನಾಲ್ಕು ಹೆಜ್ಜೆ ನಡೆಯಲ್ಲ. ಯಾವುದೋ ಒಂದು ಒತ್ತಿ ಮುಗಿಸಿಬಿಡಿ." ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಯಾರೂ ಏನೂ ಒತ್ತಬೇಡಿ. ಅವಳು ಬಂದು..." ಎಂದವಳು ಅಲ್ಲಿಗೇ ನುಂಗಿಕೊಂಡು ಒಳಗೆ ಹೋದಳು. ಆಮೇಲಿನಿಂದ ಅದು ಆರಿಲ್ಲ. ಚಾರ್ಜರಿನ ಕರಿಯ ಇಟ್ಟಿಗೆ ಒಲೆಯ ಬದಿ ಮಲಗಿದ ಬೆಕ್ಕಿನ ಹಾಗೆ ಸದಾ ಬೆಚ್ಚಗಿರುತ್ತಿತ್ತು. ಅಮ್ಮ ಆಚೀಚೆ ಓಡಾಡುವಾಗ ಅದನ್ನೊಮ್ಮೆ ಮುಟ್ಟಿ ಹೋಗುತ್ತಿದ್ದಳು. ಇಲ್ಲಿಗೆ ಬರುವಾಗಲೂ ಕಾರು, ನಿಲ್ದಾಣ, ವಿಮಾನ ಎಂದು ಸಿಕ್ಕ ಸಿಕ್ಕ ಸಾಕೆಟ್ಟಿಗೆ ಸಿಕ್ಕಿಸುತ್ತಲೇ ಆರದ ಹಾಗೆ ತಂದಿದ್ದಳು.

ಅಕ್ಕ ಸಿನಿಮಾಗಳಿಗೆ ಸದ್ದು ಹಾಕುವವಳು. ಮಾತಲ್ಲ, ಹಾಡಲ್ಲ, ಮಾತು ಹಾಡುಗಳ ಸಂದಿಯಲ್ಲಿ ಯಾರ ಗಮನಕ್ಕೂ ಬಾರದವು. ಬಾಗಿಲು ತೆರೆಯುವುದು, ಬಟ್ಟೆ ಸರಿಯುವುದು, ಲೋಟ ಇಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಹೆಜ್ಜೆಗಳು. ಪರದೆಯ ಮೇಲೆ ನಟಿ ನಡೆಯುತ್ತಿದ್ದರೆ ಮನೆಯದೇ ಒಂದು ಕತ್ತಲ ಕೋಣೆಯಲ್ಲಿ ಅಕ್ಕ ಅವಳಿಗಾಗಿ ನಡೆಯುತ್ತಿದ್ದಳು: ಮರಳ ತಟ್ಟೆಯಲ್ಲಿ, ಕಲ್ಲಚಪ್ಪಡಿಯಲ್ಲಿ, ಹಳೆಯ ಮಂಚದ ಹಲಗೆಯ ಮೇಲೆ. ಈ ಸಿನಿಮಾದ ಕೊನೆಯಲ್ಲಿ ಒಬ್ಬ ಹೆಂಗಸು ಮನೆ ಬಿಟ್ಟು ಮೆಟ್ಟಿಲಿಳಿಯುತ್ತಾಳೆ, ತಿರುವಿನಲ್ಲಿ ನಿಲ್ಲುತ್ತಾಳೆ, ಮತ್ತೆ ಇಳಿಯುತ್ತಾಳೆ. ಅಷ್ಟೇ. "ಬಾರೇ ಮಳ್ಳಿ, ಈ ಸಲ ನೀನು ನಡಿ" ಎಂದು ಅಕ್ಕ ಕರೆದಾಗ ಅವಳು ತಾನು ಕೆಲಸ ಮಾಡುವ ಕಣ್ಣಿನ ಆಸ್ಪತ್ರೆಗೆ ಅರ್ಧ ದಿನದ ರಜೆ ಹಾಕಿ ಆ ಕೋಣೆಗೆ ಹೋಗಿದ್ದಳು. ಅವಳ ಕೆಲಸ ಜನರ ಕಣ್ಣಿನ ಮುಂದೆ ಗಾಜುಗಳನ್ನು ಬದಲಿಸುತ್ತಾ "ಹೀಗೆ ಚೆನ್ನಾಗಿ ಕಾಣುತ್ತಾ, ಇಲ್ಲಾ ಹೀಗಾ?" ಎಂದು ಕೇಳುವುದು. ದಿನವಿಡೀ ಅದೇ ಪ್ರಶ್ನೆ. ಕೆಲವರು ತಪ್ಪು ಹೇಳಿಬಿಟ್ಟರೆ ಎಂದು ಬೆವರುತ್ತಾರೆ. "ಎರಡೂ ಒಂದೇ ಥರ ಇದೆಯಮ್ಮ" ಎನ್ನುತ್ತಾರೆ. ಹಾಗೆನ್ನುವವರ ಮೇಲೆ ಅವಳಿಗೆ ರೇಗುತ್ತಿತ್ತು. ಒಂದೇ ಥರ ಇರುವುದಿಲ್ಲ, ಹೇಳಲು ಧೈರ್ಯವಿರುವುದಿಲ್ಲ ಅಷ್ಟೆ.

ಆ ಮಧ್ಯಾಹ್ನ ಅಕ್ಕ ಕಿವಿಯಿಂದ ಹೆಡ್‌ಫೋನ್ ಅರ್ಧ ಸರಿಸಿ, "ನಿನ್ನ ಹೆಜ್ಜೆ ತೆಗೀತಿದೀನಿ ಕಣೇ" ಎಂದಿದ್ದಳು, ಉಪ್ಪು ಕಮ್ಮಿಯಾಗಿದೆ ಅನ್ನುವ ಹಾಗೆ. "ಯಾಕೆ?" "ನೀನು ನಡೀತಿಲ್ಲ, ನಡೆಯೋ ಹಾಗೆ ಮಾಡ್ತಿದೀಯ. ಕಾಲೆತ್ತಿ ಕಾಲೆತ್ತಿ ಇಡ್ತಿದೀಯ, ಪರೇಡ್ ಥರ." "ಮತ್ತೆ ಯಾರದು ಹಾಕ್ತೀಯ?" "ನಂದೇ." "ಹಾಕ್ಕೋ. ಎಲ್ಲಾ ಕಡೆ ನೀನೇ ಇರ್ಬೇಕಲ್ಲ ನಿಂಗೆ" ಎಂದು ಅವಳು ಅಡುಗೆಮನೆಗೆ ಹೋಗಿ ತಟ್ಟೆಗಳನ್ನು ಬೇಕೆಂದೇ ಜೋರಾಗಿ ಇಟ್ಟಳು. "ಅಯ್ಯೋ, ಆ ಸದ್ದು ಚೆನ್ನಾಗಿದೆ, ಇನ್ನೊಂದ್ಸಲ ಇಡು" ಎಂದು ಅಕ್ಕ ಒಳಗಿಂದ ಕೂಗಿದಳು. ನಗಬಾರದೆಂದು ಅವಳು ತುಟಿ ಕಚ್ಚಿಕೊಂಡಳು. ಬಹಳ ಹೊತ್ತಿನ ಮೇಲೆ, ಸಿಟ್ಟು ಇಳಿದಿದ್ದರೂ ಇಳಿದಿಲ್ಲವೆಂದು ತೋರಿಸುವ ದನಿಯಲ್ಲಿ, "ಊಟಕ್ಕೆ ಬರ್ತೀಯೋ ಇಲ್ವೋ?" ಎಂದಳು. "ಬಂದೆ" ಎಂದ ಅಕ್ಕ ನಡುಮನೆಯ ತನಕ ಬಂದು, ಗೋಡೆಗೆ ಕೈಕೊಟ್ಟು, ಏನೋ ಮರೆತವಳಂತೆ ನಿಂತು, ಹಾಗೇ ಜಾರಿ ಕೂತಳು. ಆಸ್ಪತ್ರೆಯಿಂದ ಅಕ್ಕ ಹಿಂದಿರುಗಲಿಲ್ಲ. ತಲೆಯೊಳಗೆ ಒಂದು ನರ ಯಾವಾಗಿನಿಂದಲೋ ತೆಳ್ಳಗಾಗುತ್ತಾ ಬಂದಿತ್ತಂತೆ. ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದ್ದು ಅಮ್ಮನಿಗೆ. ಅವಳು ಪಕ್ಕದಲ್ಲಿದ್ದು ಕೇಳಿಸಿಕೊಂಡದ್ದಷ್ಟೆ.

ಹೊಸದು ಅಂದರೆ ಅಕ್ಕನ ಹೆಜ್ಜೆ, ಹಳೆಯದು ಅಂದರೆ ತನ್ನದು. ಹೌದು ಎಂದು ಒತ್ತಲು ಅಕ್ಕನ ಬೆರಳು ಯಾಕೆ ತಡೆಯಿತು? ತಟ್ಟೆಗಳ ಸದ್ದು ಕೇಳಿ ತಂಗಿ ಪಾಪ ಅನ್ನಿಸಿತೇ? ಅಥವಾ ಊಟಕ್ಕೆ ಕರೆದದ್ದಕ್ಕೆ ಎದ್ದಳೇ, ಅಷ್ಟೇಯೇ? ಯಾವುದು ಯಾವುದೆಂದು ಅವಳು ಅಮ್ಮನಿಗೂ ಹೇಳಿರಲಿಲ್ಲ. ಹೇಳಿದರೆ ಅಮ್ಮ ಒಂದು ಕ್ಷಣವೂ ಯೋಚಿಸದೆ ಹೌದು ಎನ್ನುತ್ತಾಳೆ, ಸತ್ತ ಮಗಳ ಹೆಜ್ಜೆ ಉಳಿಯಲಿ ಎನ್ನುತ್ತಾಳೆ. ಎನ್ನಬೇಕಾದ್ದೇ. ಹಾಗಿದ್ದರೆ ತಾನು ಸುಮ್ಮನಿರುವುದು ಯಾತಕ್ಕೆ? ತನ್ನ ಪರೇಡ್ ಹೆಜ್ಜೆ ಉಳಿಯಲಿ ಎಂದೇ? ಇಷ್ಟು ದೂರ ಅದನ್ನು ಮಗುವಿನಂತೆ ಹೊತ್ತು ತಂದದ್ದು ಅಕ್ಕನನ್ನು ಕಾಯಲೋ, ತನ್ನನ್ನೋ? ಈ ಯೋಚನೆ ಬಂದಾಗಲೆಲ್ಲ ಅವಳು ಎದ್ದು ಏನಾದರೊಂದು ಮಾಡುತ್ತಿದ್ದಳು. ಈಗ ಎದ್ದು ಕಿಟಕಿಯ ಪರದೆ ಸರಿಸಿದಳು. ಕೆಳಗೆ ಬೀದಿ, ಒದ್ದೆ ಟಾರು, ಕೊಡೆ ಮಡಿಸುತ್ತಾ ನಡೆಯುವ ಜನ. ಎಲ್ಲರೂ ಕಾಲೆತ್ತಿ ನಡೆಯುತ್ತಿದ್ದರು.

ಫೋನಿನಲ್ಲಿ ಅಮ್ಮ ಬಂದಳು. "ಉರೀತಿದೆಯಾ?"

"ಉರೀತಿದೆ ಅಮ್ಮ."

"ತೋರ್ಸು." ಅವಳು ಫೋನನ್ನು ಮೇಜಿನತ್ತ ತಿರುಗಿಸಿದಳು. "ಆ ಚಪ್ಪಲಿ ಯಾಕೆ ಗೋಡೆ ಮೇಲಿದೆ?"

"ಸಡಿಲ ಇತ್ತು, ಸಿಕ್ಕಿಸಿದೀನಿ."

"ಚಪ್ಪಲೀನಾ ಸಿಕ್ಸೋದು? ಅಷ್ಟು ದೊಡ್ಡ ಊರಲ್ಲಿ ಇನ್ನೊಂದು ಆ ಬಿಳೀದು ಸಿಗಲ್ವಾ? ತಿಂಡಿ ತಿಂದ್ಯಾ?"

"ಹೂಂ." ತಿಂದಿರಲಿಲ್ಲ.

"ಸುಳ್ಳು ಹೂಂ ನಂಗೆ ಗೊತ್ತಾಗುತ್ತೆ. ಗಡ್ಡದ ಸರ್ ಯಾವಾಗ ಬರ್ತಾರಂತೆ?"

"ಸಾಯಂಕಾಲ. ಬಂದು ನೋಡಿ ಹೇಳ್ತಾರೆ."

"ಹೇಳ್ಲಿ. ಅವಳ ಕೆಲಸ ಗೊತ್ತಿರೋರು ಹೇಳಿದ್ರೆ ನಂಗೆ ಸಮಾಧಾನ" ಎಂದು ಅಮ್ಮ ಪರದೆಯನ್ನೇ ನೋಡುತ್ತಿದ್ದಳು. ಮಗಳನ್ನಲ್ಲ, ಮಗಳ ಹಿಂದಿನ ಮೇಜನ್ನು.

ಗಡ್ಡದ ಸರ್ ಎಂದರೆ ಈ ಸಿನಿಮಾದ ನಿರ್ದೇಶಕರು. ಗಡ್ಡ ತೆಗೆದು ಎಷ್ಟೋ ಕಾಲವಾಗಿದ್ದರೂ ಅಕ್ಕ ಇಟ್ಟ ಹೆಸರು ಹೋಗಿರಲಿಲ್ಲ. ಈ ಊರಿನ ಸ್ಟುಡಿಯೋದಲ್ಲಿ ಕೂತು ಸಿನಿಮಾವನ್ನು ಮುಗಿಸುತ್ತಿದ್ದರು. ಸುದ್ದಿ ಕೇಳಿ ಫೋನಿನಲ್ಲೇ ಅತ್ತು, ಆಮೇಲೆ, "ಏನೂ ಒತ್ತಬೇಡಮ್ಮ, ಹಾಗೇ ತಂದುಬಿಡು, ನೋಡಿ ಹೇಳೋಣ" ಎಂದಿದ್ದರು. ಅಕ್ಕನ ಹೆಸರಿನಲ್ಲಿ ಮೊದಲೇ ಕಾದಿರಿಸಿದ್ದ ಕೋಣೆಯನ್ನೇ ಇವಳಿಗೆ ಮಾಡಿಸಿಕೊಟ್ಟಿದ್ದರು. ಹಾಗಾಗಿ ಸ್ವಾಗತದ ಮೇಜಿನ ಹುಡುಗಿ ಅಕ್ಕನ ಹೆಸರು ಹಿಡಿದು ಕರೆಯುತ್ತಾಳೆ, ಇವಳು ತಿರುಗಿ ನೋಡುತ್ತಾಳೆ. ತಿದ್ದಬೇಕೆಂದು ಪ್ರತಿ ಸಲವೂ ಅಂದುಕೊಂಡು, ಆ ಹೆಸರಿನಲ್ಲಿ ಕರೆಸಿಕೊಳ್ಳುವ ಬಿಸುಪಿಗೆ ಸೋತು, ಬರಿದೆ ನಕ್ಕು ಬರುತ್ತಿದ್ದಳು.

ನಿನ್ನೆ ಬಂದ ಹೊಸತರಲ್ಲಿ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಸೀಳು. ಕೋಣೆಯ ಬೀಗಕ್ಕೆ ಕೊಟ್ಟ ಕಾರ್ಡನ್ನು ಅದರಲ್ಲಿ ತೂರಿಸಿದರೆ ಮಾತ್ರ ಕೋಣೆಗೆ ಕರೆಂಟು. ಅದು ತಿಳಿಯದೆ ಕಾರ್ಡು ಕಿತ್ತುಕೊಂಡು ಕೆಳಗೆ ನೀರು ತರಲು ಹೋದವಳು, ವಾಪಸು ಬಂದಾಗ ಕೋಣೆಯೆಲ್ಲ ಕತ್ತಲು, ಮೂಲೆಯಲ್ಲಿ ಲ್ಯಾಪ್‌ಟಾಪ್ ಒಂದೇ ಏದುಸಿರು ಬಿಡುತ್ತಾ ಉರಿಯುತ್ತಿತ್ತು. ಆಮೇಲೆ ಹೊಳೆಯಿತು: ಆ ಸೀಳಿಗೆ ಯಾವ ಕಾರ್ಡಾದರೂ ಆದೀತು. ಪರ್ಸಿನಲ್ಲಿದ್ದ ಅಕ್ಕನ ಸ್ಟುಡಿಯೋ ಕಾರ್ಡನ್ನು ತೂರಿಸಿ ನೋಡಿದಳು. ದೀಪ ಬಂತು. ಕಾರ್ಡಿನ ಮೇಲರ್ಧ ಹೊರಗುಳಿದು ಅಕ್ಕನ ಹಣೆ, ಕಣ್ಣು ಮಾತ್ರ ಕಾಣುತ್ತಿತ್ತು, ಕಾಂಪೌಂಡಿನಾಚೆಯಿಂದ ಇಣುಕುವವಳ ಹಾಗೆ. "ನೋಡ್ಕೋತಿರು" ಎಂದು ಅವಳು ಈಗ ಅದಕ್ಕೆ ಹೇಳಿ, ಬಲಗಾಲಿಗೆ ಚಪ್ಪಲಿ ಹಾಕಹೊರಟು, ಎಡಗಾಲಿನದು ಗೋಡೆಯಲ್ಲಿರುವುದು ನೆನಪಾಗಿ, ಹೊಟೆಲಿನವರು ಕೊಟ್ಟ ಬಿಳಿಯ ಬಟ್ಟೆಯ ಚಪ್ಪಲಿಯಲ್ಲೇ ಬೀದಿಗಿಳಿದಳು.

ಸಾಮಾನಿನ ಅಂಗಡಿಯಲ್ಲಿ ಕನ್ನಡಕದ ಹೆಂಗಸು ಅವಳು ಬೆರಳುಗಳಲ್ಲೇ ದುಂಡು ಕಾಲು, ಚಪ್ಪಟೆ ಸೀಳು ಎಂದು ಅಭಿನಯಿಸುವುದನ್ನು ಕೊನೆಯ ತನಕ ನೋಡಿ, ಕಾಲಿನ ಕಡೆಗೂ ನೋಡಿ, ಪಕ್ಕದವಳಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರೂ ನಕ್ಕರು. ಭಾಷೆ ಬಾರದಿದ್ದರೂ ಅರ್ಥವಾಗುವ ಮಾತುಗಳಲ್ಲಿ ಅದೂ ಒಂದು. ಅಡಾಪ್ಟರ್ ಸಿಕ್ಕಿತು. ಆದರೆ ಹಿಂದಿರುಗುವಾಗ ಕಾಲು ತಾನಾಗಿ ನಿಧಾನವಾಯಿತು. ಒಂದು ಗಾಜಿನ ಕಟ್ಟಡದ ಕೆಳಗೆ ನಿಂತು ಜನರ ಹೆಜ್ಜೆಗಳನ್ನು ಕೇಳಿದಳು. ಅಕ್ಕ ಹೀಗೇ ಎಲ್ಲಾದರೂ ಗಕ್ಕನೆ ನಿಂತುಬಿಡುತ್ತಿದ್ದಳು. "ಶ್, ಆ ಯಪ್ಪ ನೋಡು, ಮನೇಲಿ ಜಗಳ ಆಡ್ಕೊಂಡು ಬಂದಿದಾನೆ, ಹಿಮ್ಮಡಿ ಹೇಳ್ತಿದೆ." ತನ್ನ ಬಿಳಿಯ ಬಟ್ಟೆಯ ಚಪ್ಪಲಿಗಳು ಏನೂ ಹೇಳುತ್ತಿರಲಿಲ್ಲ. ಒಂದು ಗಳಿಗೆ, ಪರದೆ ಮಸುಕಾದರೆ ಆಗಲಿ, ಯಾರು ಬೇಕಾದರೂ ಹೂಂ ಹಾಕಲಿ, ಹೀಗೇ ನಡೆಯುತ್ತಾ ಹೋಗಿಬಿಡೋಣ ಅನ್ನಿಸಿತು. ಕರೆಂಟು ಹೋಗಲಿ. ಹೋದರೆ ಅದು ಬೇಡ ಎಂದ ಹಾಗೇ, ಯಾರೂ ಹೇಳದ ಬೇಡ, ಯಾರ ತಪ್ಪೂ ಅಲ್ಲದ್ದು. ಆ ಆಸೆಯ ರುಚಿ ನಾಲಗೆಗೆ ತಾಗಿದ್ದೇ ತಡ, ಕೈಚೀಲವನ್ನು ಅವುಚಿಕೊಂಡು ಓಡತೊಡಗಿದಳು.

ಕೋಣೆಯ ಬಾಗಿಲು ತೆರೆದಾಗ ಎಲ್ಲ ಅಚ್ಚುಕಟ್ಟಾಗಿತ್ತು. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ. ನೆಲ ಗುಡಿಸಿತ್ತು. ಚಪ್ಪಲಿ ಗೋಡೆಯಿಂದ ಇಳಿದು ಮಂಚದ ಪಕ್ಕ ತನ್ನ ಜೊತೆಯೊಡನೆ ಸೇರಿ ಕೂತಿತ್ತು. ದಿಂಬಿನ ನಟ್ಟನಡುವೆ, ಕಳೆದುಹೋಗಬಾರದೆಂದು ಯಾರೋ ಜೋಪಾನವಾಗಿ ಇಟ್ಟ ಹಾಗೆ, ಅಕ್ಕನ ಕಾರ್ಡು. ಅಕ್ಕ ಪೂರ್ತಿ ಮುಖದಲ್ಲಿ ನಗುತ್ತಿದ್ದಳು. ಫ್ರಿಜ್ಜಿನ ಗುಂಯ್ ಇರಲಿಲ್ಲ. ಯಾವ ಸದ್ದೂ ಇರಲಿಲ್ಲ. ಕಾಲುಚೀಲವನ್ನು ಕಚ್ಚಿಕೊಂಡ ಲ್ಯಾಪ್‌ಟಾಪಿನ ಸಂದಿಯಿಂದ ಬೂದುಬಣ್ಣದ ಬೆಳಕು ಮಾತ್ರ ಒಸರುತ್ತಿತ್ತು. ಅದನ್ನೇ ಎತ್ತಿ ಗೋಡೆಯ ಸೀಳಿಗೆ ತೂರಿಸಿದಳು. ದೀಪಗಳು ಒಮ್ಮೆಲೇ ಹತ್ತಿಕೊಂಡವು. ಹೊಸ ಅಡಾಪ್ಟರ್ ಹಾಕಿ ಪ್ಲಗ್ಗನ್ನು ಒತ್ತಿದಾಗ ಚಾರ್ಜರಿನ ಇಟ್ಟಿಗೆಯೊಳಗೆ ಸಣ್ಣಗೆ ಟಿಕ್ ಎಂದಿತು, ಯಾರೋ ಬೆರಳು ನೆಟಿಕೆ ತೆಗೆದ ಹಾಗೆ. ಹಸಿರು ದೀಪ ಬರಲಿಲ್ಲ. ಕಿತ್ತು ಮತ್ತೆ ಹಾಕಿದಳು, ಹಳೆಯ ಅಡಾಪ್ಟರಿನಲ್ಲಿ ಹಾಕಿದಳು, ಬಚ್ಚಲಿನ ಸಾಕೆಟ್ಟಿನಲ್ಲಿ ಹಾಕಿದಳು. ಇಟ್ಟಿಗೆಯನ್ನು ಕೆನ್ನೆಗೆ ಒತ್ತಿ ನೋಡಿದಳು. ಬೆಕ್ಕು ತಣ್ಣಗಾಗಿತ್ತು.

ಪರದೆಯ ಮೂಲೆಯಲ್ಲಿ ಬ್ಯಾಟರಿಯ ಗುರುತು ಕೆಂಪಾಗಿ ಮಿನುಗುತ್ತಿತ್ತು. ಫೋನು ಹೊಡೆದುಕೊಂಡಿತು.

"ಎಲ್ಲಿದೀಯಮ್ಮ? ಕೆಲಸ ಬೇಗ ಮುಗೀತು, ಆಗ್ಲೇ ಬಂದೆ, ಕೆಳಗೆ ಸೋಫಾದಲ್ಲಿ ಕೂತಿದೀನಿ" ಎಂದರು ಗಡ್ಡದ ಸರ್.

"ಸರ್, ಇದು ಹೋಗ್ತಿದೆ. ಚಾರ್ಜರ್ ಸತ್ತೋಯ್ತು. ನೀವೇ ಹೇಳಿ, ಈಗ್ಲೇ ಹೇಳಿ, ಹೌದಾ ಬೇಡ್ವಾ?"

"ನೋಡ್ದೇ ಹೇಗಮ್ಮ..."

"ನೋಡೋಕೆ ಟೈಮಿಲ್ಲ ಸರ್. ಹೊಸ ಸದ್ದು ಕೇಳಿದೀರಲ್ಲ ನೀವು?"

"ಹೊಸದು ನಾನು ಕೇಳೇ ಇಲ್ಲಮ್ಮ. ಇವತ್ತು ಕಳಿಸ್ತೀನಿ ಅಂತ ಆ ದಿನ ಬೆಳಗ್ಗೆ ಅಂದಿದ್ಳು, ಅಷ್ಟೆ. ಜೊತೇಲಿದ್ದೋಳು ನೀನು. ನಿಂಗೇ ಗೊತ್ತಿರ್ಬೇಕಲ್ಲ?"

ಗೊತ್ತಿತ್ತು. ಹೀಗೆ ಚೆನ್ನಾಗಿ ಕಾಣುತ್ತಾ, ಇಲ್ಲಾ ಹೀಗಾ. ಫೋನನ್ನು ಹಾಸಿಗೆಯ ಮೇಲೆ ಎಸೆದು, ಕಾಲುಚೀಲವನ್ನು ತೆಗೆದು ಮುಚ್ಚಳ ಪೂರ್ತಿ ಎತ್ತಿದಳು. ತನ್ನ ಪರೇಡ್ ಹೆಜ್ಜೆಗಳನ್ನು ನೆನೆದಳು: ಅಕ್ಕನೆದುರು, ಮೈಕಿನೆದುರು, ತಪ್ಪಿ ಎಡಗಾಲು ಎಳೆದೀತೆಂದು ಎತ್ತೆತ್ತಿ ಇಟ್ಟದ್ದು. ಎದೆಯೊಳಗೆ ಯಾವುದೋ ಚಿಕ್ಕ ಹುಡುಗಿ ಬೇಡ, ಬೇಡ ಎಂದು ಕಾಲು ಬಡಿಯುತ್ತಿದ್ದಳು. ಅವಳ ಕೈ ಹಿಡಿದುಕೊಂಡೇ ಹೌದು ಒತ್ತಿದಳು.

ಚೌಕ ಹೋಯಿತು. ಇಷ್ಟು ಸುಲಭಕ್ಕೆ ಹೋಯಿತಲ್ಲ ಎಂದು ಅವಳಿಗೆ ಮೊದಲು ಅನ್ನಿಸಿದ್ದು. ಅದರ ಹಿಂದೆ ಇಷ್ಟು ಕಾಲ ಮರೆಯಾಗಿದ್ದ ಚಿತ್ರ: ಕಿರಿದಾದ ಮೆಟ್ಟಿಲು, ತುದಿಯಲ್ಲಿ ಒಬ್ಬ ಹೆಂಗಸಿನ ಬೆನ್ನು. ಅಡಿಯಲ್ಲಿ, ಉಳಿಸಲಾಗಿದೆ ಎಂದೊಂದು ಸಾಲು ಮೂಡಿ ಮಾಯವಾಯಿತು. ಅಕ್ಕನ ಹೆಬ್ಬೆರಳು ತಾಗಿ ತಾಗಿ ಮಿರುಗುವ ಉದ್ದನೆಯ ಕೀಲಿಯನ್ನು ಅವಳು ಒತ್ತಿದಳು. ಹೆಂಗಸು ಇಳಿಯತೊಡಗಿದಳು.

ಅಕ್ಕ ನಡೆಯುವುದು ಹಕ್ಕಿಯ ಹಾಗೆ, ನೆಲಕ್ಕೆ ತಾಗಿಯೂ ತಾಗದ ಹಾಗೆ. ಇದು ಹಾಗಿರಲಿಲ್ಲ. ಬಲಗಾಲು ಸರಿಯಾಗಿ ಇಟ್ಟು, ಎಡಗಾಲು ಒಂದಿಷ್ಟು ತಡವಾಗಿ, ಹಿಮ್ಮಡಿಯನ್ನು ಮೆಟ್ಟಿಲಿಗೆ ಸವರಿಕೊಂಡು. ಟಪ್, ಸರ್ರ. ಟಪ್, ಸರ್ರ. ಮಲಗುವ ಕೋಣೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ, ಒಂದೇ ಮನೆಯಲ್ಲಿ ತಾನು ಹುಟ್ಟಿದಾಗಿನಿಂದ ಅಕ್ಕ ಕೇಳಿಸಿಕೊಂಡ ಹೆಜ್ಜೆ. ಒಂದೊಂದು ಎಳೆತಕ್ಕೂ ಅಕ್ಕ ಎಷ್ಟು ಸಲ ಆ ಹಲಗೆಯ ಮೇಲೆ ಹಿಂದೆ ಮುಂದೆ ನಡೆದಿರಬೇಕು, ಅಮ್ಮ ಬೈದು ಬೈದು ತಿದ್ದಲಾರದ್ದನ್ನು ತನ್ನ ಕಾಲಿಗೆ ಕಲಿಸಿಕೊಳ್ಳಲು. ತಿರುವಿನಲ್ಲಿ ಹೆಂಗಸು ನಿಂತಳು. ಸದ್ದೂ ನಿಂತಿತು. ಪರದೆ ಮಸುಕಾಯಿತು. ಅವಳು ಅಭ್ಯಾಸಬಲದಿಂದ ಬೆರಳು ಚಾಚಿ ಸವರಿದಳು. ಅದು ಬೆಳಕಾಗಲಿಲ್ಲ. ಕಪ್ಪು ಗಾಜಿನಲ್ಲಿ ಅವಳ ಮುಖ, ಹಿಂದೆ ಗೋಡೆಯ ಸೀಳಿನಿಂದ ಇಣುಕುವ ಎರಡು ಕಣ್ಣು.

ಎಷ್ಟೋ ಹೊತ್ತು ಕುಳಿತಿದ್ದಳೆಂದು ಅನ್ನಿಸಿದರೂ ಅಷ್ಟೇನೂ ಆಗಿರಲಿಕ್ಕಿಲ್ಲ. ಹಾಸಿಗೆಯ ಮೇಲಿನ ಫೋನಿನಿಂದ ಸರ್ ಇನ್ನೂ ಹಲೋ, ಹಲೋ ಎನ್ನುತ್ತಿದ್ದರು. "ಬಂದೆ ಸರ್" ಎಂದಳು. ಮುಚ್ಚಳವನ್ನು, ಈ ಸಲ ಪೂರ್ತಿ, ಮುಚ್ಚಿದಳು. ಕಾಲುಚೀಲವನ್ನು ಬಿಡಿಸಿ ಕಾಲಿಗೆ ಹಾಕಿಕೊಳ್ಳಲೇ ಎಂದು ನೋಡಿ, ಬೇಡವೆಂದು ಜೇಬಿಗೆ ಹಾಕಿಕೊಂಡಳು. ತನ್ನ ಚಪ್ಪಲಿ ಮೆಟ್ಟಿ, ಲಿಫ್ಟಿನ ಕಡೆ ಹೋಗದೆ ಮೆಟ್ಟಿಲಿನ ಬಾಗಿಲು ತಳ್ಳಿದಳು. ಖಾಲಿ ಮೆಟ್ಟಿಲು ಅವಳ ಹೆಜ್ಜೆಗಳನ್ನು ಒಂದಕ್ಕೆರಡು ಮಾಡಿ ಹಿಂದಿರುಗಿಸಿತು. ಯಾರು ಯಾರ ಹಾಗೆ ನಡೆಯುತ್ತಿದ್ದಾರೆಂದು ತಿಳಿಯದೆ ಒಮ್ಮೆ ನಿಂತಳು, ಮತ್ತೆ ಇಳಿದಳು. ಕೊನೆಯ ತಿರುವಿನಿಂದ ಕೆಳಗಿನ ಸೋಫಾ ಕಂಡಿತು. ಅದು ಖಾಲಿಯಿತ್ತು. ಸರ್ ಆಗಲೇ ಎದ್ದು ಮೆಟ್ಟಿಲ ಬುಡಕ್ಕೆ ಬಂದು, ಕತ್ತೆತ್ತಿ, ಬೆಳ್ಳಗಾದ ಮುಖದಲ್ಲಿ ನಿಂತಿದ್ದರು.

"ಕ್ಷಮಿಸಮ್ಮ" ಎಂದರು. "ಸದ್ದು ಕೇಳಿ ಅವಳೇ ಬಂದ್ಳೇನೋ ಅಂತ... ನನ್ನ ಸಿನಿಮಾದ ಹೆಂಗಸ್ರನ್ನೆಲ್ಲ ಹೀಗೇ ನಡೆಸ್ತಿದ್ಳು ಅವಳು. ಮೊದಲನೇ ಸಿನಿಮಾದಿಂದ್ಲೂ. ಎಲ್ಲಿಂದ ತರ್ತೀಯ ಈ ನಡಿಗೇನ ಅಂದ್ರೆ..."

ಅವರ ಕತೆ ಅಲ್ಲಿಗೇ ನಿಂತಿತು. ಅವಳು ರೇಲಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹೂಂ" ಎಂದಳು.